ಡೀಸೆಲ್ ಕಾರಿಗೆ ಗಾಳಿ ಹಿಡಿದಾಗ

ಮನುಷ್ಯರಿಗೆ ಗಾಳಿ ಹಿಡಿಯುವುದುಂಟೆಂದು ನಂಬುವವರು ಇಂದಿಗೂ ಇದ್ದಾರೆ, ನಂಬದವರೂ ಇದ್ದಾರೆ. ಆದರೆ ಡೀಸೆಲ್ ಕಾರಿಗೆ ಗಾಳಿ ಹಿಡಿಯುವ ವಿಷಯದಲ್ಲಿ ಎರಡು ಮಾತಿಲ್ಲ. ಅದು ಹಿಡಿಯುತ್ತದೆ, ಹಿಡಿದ ಮೇಲೆ ಬಿಡಿಸದೆ ಬಿಡುವುದೂ ಇಲ್ಲ. ಬಿಡಿಸುವುದಕ್ಕೆ ಮಂತ್ರಿಸಿದ ನೂಲು ಬೇಕಿಲ್ಲ, ಬೇವಿನ ಸೊಪ್ಪೂ ಬೇಕಿಲ್ಲ. ಒಂದು ಸ್ಪ್ಯಾನರು, ಒಂದು ಶುಭ್ರವಾದ ಬಟ್ಟೆ ಮತ್ತು ಕಾಲು ಗಂಟೆಯ ತಾಳ್ಮೆ ಇದ್ದರೆ ಸಾಕು. ಈ ಮೂರರಲ್ಲಿ ಮೊದಲಿನ ಎರಡು ಅಂಗಡಿಯಲ್ಲಿ ಸಿಗುತ್ತವೆ. ಮೂರನೆಯದು ಇಲ್ಲದೆ ಕೆಟ್ಟವರೇ ಹೆಚ್ಚು.

ಕಾರ್ಕಳದ ಒಬ್ಬ ಉಪಾಧ್ಯಾಯರ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಗಳದಲ್ಲಿ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಡೀಸೆಲ್ ಕಾರು. ಒಳಗೆ, ಎಪ್ಪತ್ತು ದಾಟಿದ ತಾಯಿ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಮಣಿಪಾಲದ ಆಸ್ಪತ್ರೆಯಲ್ಲಿ ಆಕೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಮಳೆಗಾಲದಲ್ಲಿ ಸುಮಾರು 35 ಕಿಲೋಮೀಟರಿನ ದಾರಿ. ಬೈಲೂರು, ಹಿರಿಯಡ್ಕ ದಾಟಿ ಪರ್ಕಳದ ಏರು ಹತ್ತಬೇಕು. ಕಾರು ದಾರಿಯಲ್ಲಿ ಕೈಕೊಡಬಾರದೆಂದು ಉಪಾಧ್ಯಾಯರು ಭಾನುವಾರವೇ ಅಂಗಿ ಕಳಚಿಟ್ಟು, ತಾವೇ ಡೀಸೆಲ್ ಫಿಲ್ಟರನ್ನು ಬದಲಾಯಿಸಿದರು. ಹಳೆಯದನ್ನು ತಿರುಗಿಸಿ ತೆಗೆದರು, ಹೊಸದನ್ನು ತಿರುಗಿಸಿ ಕೂರಿಸಿದರು. ಕೀಲಿ ತಿರುಗಿಸಿದೊಡನೆ ಎಂಜಿನು ಎಂದಿನಂತೆ ಎದ್ದಿತು. ಹತ್ತು ಎಣಿಸುವಷ್ಟು ಹೊತ್ತು ಕೇಳಿ, ತೃಪ್ತರಾಗಿ ಆರಿಸಿ, ಕೈ ತೊಳೆದುಕೊಂಡರು. ಗ್ಯಾರೇಜಿನ ಕೂಲಿ ಉಳಿಯಿತೆಂಬ ಸಂತೋಷವೂ ಇತ್ತು.

ಸೋಮವಾರ ಬೆಳಕು ಹರಿಯುವ ಮುನ್ನ ತಾಯಿಯನ್ನು ಕೂರಿಸಿಕೊಂಡು ಹೊರಟರು. ಆನೆಕೆರೆಯ ಸಮೀಪ ಬರುವಷ್ಟರಲ್ಲಿ ಎಂಜಿನು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ಮತ್ತೆ ಮಾತಿಲ್ಲ. ಮಾಸ್ತರರು ಸೆಲ್ಫ್ ಹೊಡೆದರು. ಎಂಜಿನು ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಮತ್ತೆ ಹೊಡೆದರು, ಮತ್ತೆ ಮತ್ತೆ ಹೊಡೆದರು. ತಿರುಗುವ ಸದ್ದು ಬರಬರುತ್ತಾ ಕ್ಷೀಣವಾಗಿ, ಬ್ಯಾಟರಿಯೂ ಸುಸ್ತಾಯಿತು. ಮಳೆ ಮಾತ್ರ ಸುಸ್ತಾಗದೆ ಹುಯ್ಯುತ್ತಿತ್ತು.

ಹತ್ತಿರದ ಗ್ಯಾರೇಜಿನಿಂದ ಕರೆತಂದ ವೃದ್ಧ ಮೆಕ್ಯಾನಿಕನು ಬಾನೆಟ್ಟನ್ನು ಎತ್ತುವ ಮುನ್ನವೇ ಕೇಳಿದನು: “ಫಿಲ್ಟರು ಹೊಸತು ಹಾಕಿದ್ದೀರಾ?”

“ಹೌದು, ನಿನ್ನೆ ನಾನೇ ಹಾಕಿದೆ.”

“ಹಾಗಾದರೆ ಗಾಳಿ ಹಿಡಿದಿದೆ ಮಾಸ್ಟ್ರೇ. ಇನ್ನು ಸೆಲ್ಫ್ ಹೊಡೆಯಬೇಡಿ.”

ಹಿಂದಿನ ಸೀಟಿನಿಂದ ತಾಯಿಯ ಧ್ವನಿ ಬಂದಿತು: “ನಾನು ಆಗಲೇ ಹೇಳಲಿಲ್ಲವೇ ಮಗಾ, ಅಮಾವಾಸ್ಯೆಯ ದಿನ ಅದನ್ನು ಬಿಚ್ಚಬೇಡವೆಂದು?”

ಇದು ಕಾರ್ಕಳದಲ್ಲಿಯೇ ನಡೆಯಬೇಕೆಂದಿಲ್ಲ. ಕಾಪುವಿನ ಕಡಲ ಬದಿಯಲ್ಲಿಯೂ, ಉಡುಪಿಯ ರಥಬೀದಿಯ ಸಂದಿಯಲ್ಲಿಯೂ, ಫಿಲ್ಟರನ್ನು ಬಿಚ್ಚಿದ ಯಾವ ಮನೆಯಲ್ಲಿಯೂ ನಡೆಯಬಹುದಾದ ಸಂಗತಿ. ತಾಯಿಯ ನಂಬಿಕೆ ಹೇಗೇ ಇರಲಿ, ಮೆಕ್ಯಾನಿಕನ ಮಾತು ಅಕ್ಷರಶಃ ನಿಜವಾಗಿತ್ತು.

ವರವೇ ಶಾಪವಾಗುವ ಬಗೆ

ಪೆಟ್ರೋಲು ಎಂಜಿನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚಲು ಕಿಡಿ ಹಾರಿಸುವ ಪ್ಲಗ್ಗು ಇರುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗೆ ಸೇರಿದ ಗಾಳಿಯನ್ನು ಪಿಸ್ಟನ್ನು ಅದರ ಮೂಲ ಗಾತ್ರದ ಹದಿನಾರರಲ್ಲಿ, ಇಲ್ಲವೇ ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಅದೇ ಬಿಸಿ ಇಲ್ಲಿ ಬಹುಪಾಲು ಹೆಚ್ಚಿ, ಗಾಳಿ 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುತ್ತದೆ. ಆ ಕ್ಷಣದಲ್ಲಿ ಡೀಸೆಲನ್ನು ನವುರಾದ ತುಂತುರಾಗಿ ಚಿಮ್ಮಿಸಿದರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಗಾಳಿಯನ್ನು ಅದುಮಬಹುದು ಎಂಬ ಒಂದೇ ಗುಣದ ಮೇಲೆ ಈ ಎಂಜಿನಿನ ಪ್ರಾಣ ನಿಂತಿದೆ.

ವಿಚಿತ್ರವೆಂದರೆ, ಸಿಲಿಂಡರಿನಲ್ಲಿ ವರವಾದ ಈ ಗುಣವೇ ಇಂಧನದ ಕೊಳವೆಯಲ್ಲಿ ಶಾಪ. ಡೀಸೆಲನ್ನು ತುಂತುರಾಗಿ ಚಿಮ್ಮಿಸುವುದಕ್ಕೆ ಒಂದು ಪಂಪು ಇದೆ. ಆ ತುಂತುರು ಹೊರಬೀಳುವುದಕ್ಕೆ ನಾಝಲ್ಲು ಇದೆ. ಹಳೆಯ ಎಂಜಿನುಗಳಲ್ಲಿ ಆ ನಾಝಲ್ಲಿನ ಬಾಯಿ ತೆರೆಯಬೇಕಾದರೆ ಹೊರಗಿನ ವಾಯುವಿನ ಒತ್ತಡದ ನೂರು ಪಟ್ಟಿಗೂ ಮಿಕ್ಕ ಒತ್ತಡ ಬೇಕು. ದ್ರವವನ್ನು ಒತ್ತಿದರೆ ಅದು ಕುಗ್ಗುವುದು ಅತ್ಯಲ್ಪ. ಇಷ್ಟು ಒತ್ತಡಕ್ಕೆ ಡೀಸೆಲ್ ನೂರರಲ್ಲಿ ಒಂದು ಪಾಲೂ ಕುಗ್ಗುವುದಿಲ್ಲ. ಆದ್ದರಿಂದ ಪಂಪು ಈ ತುದಿಯಲ್ಲಿ ತಳ್ಳಿದೊಡನೆ ಆ ತುದಿಯಲ್ಲಿ ನಾಝಲ್ಲು ತೆರೆಯುತ್ತದೆ, ಉದ್ದನೆಯ ಕೋಲಿನಿಂದ ಬಾಗಿಲು ನೂಕಿದಂತೆ. ಕೊಳವೆಯಲ್ಲಿ ಗಾಳಿ ಸೇರಿದರೆ ಕೋಲಿನ ನಡುವೆ ಒಂದು ಸ್ಪ್ರಿಂಗನ್ನು ಕಟ್ಟಿದಂತಾಯಿತು. ಪಂಪು ತಳ್ಳುತ್ತದೆ, ಗುಳ್ಳೆ ಕುಗ್ಗುತ್ತದೆ. ಪಂಪು ಹಿಂದೆ ಸರಿಯುತ್ತದೆ. ಗುಳ್ಳೆ ಮೊದಲಿನಂತೆ ಹಿಗ್ಗುತ್ತದೆ. ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ.

ಗುಳ್ಳೆ ದೊಡ್ಡದಿರಬೇಕೆಂದೇನೂ ಇಲ್ಲ. ಸಣ್ಣ ಕಾರಿನ ಪಂಪು ಒಂದು ಬಾರಿಗೆ ಒಂದು ನಾಝಲ್ಲಿಗೆ ಕಳುಹಿಸುವ ಡೀಸೆಲ್ ಒಂದು ನೀರಿನ ಹನಿಗಿಂತಲೂ ಕಡಿಮೆ. ಆದಕಾರಣ ಹನಿಯಷ್ಟು ಗಾಳಿಯೂ ಪಂಪಿನ ದುಡಿಮೆಯನ್ನೆಲ್ಲ ನುಂಗಿಹಾಕಬಲ್ಲದು. ಹೀಗಿರುವಲ್ಲಿ ಹೊಸ ಫಿಲ್ಟರಿನ ಖಾಲಿ ಡಬ್ಬಿಯಲ್ಲಿ ಕಾಲು ಲೀಟರಿನಷ್ಟು ಗಾಳಿ ಉಳಿದಿದ್ದರೆ ಆಗುವುದೇನೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಭಾನುವಾರ ಎಂಜಿನು ಎದ್ದದ್ದು ಹೇಗೆ? ಫಿಲ್ಟರಿನಿಂದ ಮುಂದಿನ ಕೊಳವೆಯಲ್ಲಿ ಮತ್ತು ಪಂಪಿನ ಹೊಟ್ಟೆಯಲ್ಲಿ ಹಳೆಯ ಡೀಸೆಲ್ ಉಳಿದಿತ್ತು. ಅದು ಮುಗಿಯುವ ಮೊದಲೇ ಮಾಸ್ತರರು ಆರಿಸಿದರು. ಉಳಿದದ್ದು ಸೋಮವಾರ ಆನೆಕೆರೆಯ ತನಕ ಬಂದಿತು. ಅದರ ಬೆನ್ನಿಗೇ ಫಿಲ್ಟರಿನ ಗಾಳಿ ಬಂದಿತು. ಫಿಲ್ಟರು ಬದಲಾಯಿಸಿದ ಮೇಲೆ ಎಂಜಿನು ಒಮ್ಮೆ ಎದ್ದಿತೆಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಬಾವಿಯ ಪಂಪಿನ ಪಾಠ

ಉಡುಪಿಯ ಕಡೆಯ ಗೃಹಿಣಿಯರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಬಾವಿಕಟ್ಟೆಯ ಬಳಿ ಕೂರಿಸಿದ ವಿದ್ಯುತ್ ಪಂಪು ಎಷ್ಟೋ ಸಲ ಭರ್ರೆಂದು ತಿರುಗುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ. ಬಾವಿಯ ತಳದ ಫುಟ್‌ವಾಲ್ವು ಸೋರಿ, ಕೊಳವೆಯ ನೀರೆಲ್ಲ ಇಳಿದುಹೋಗಿ, ಗಾಳಿ ತುಂಬಿರುತ್ತದೆ. ಆಗ ಕೊಡಪಾನದಲ್ಲಿ ನೀರು ತಂದು ಪಂಪಿನ ತಲೆಯ ಬಿರಡೆಯನ್ನು ತೆಗೆದು, ಗುಳು ಗುಳು ಸದ್ದು ನಿಂತು ನೀರು ತುಳುಕುವ ತನಕ ಸುರಿದು, ಬಿರಡೆ ಮುಚ್ಚಿ ಸ್ವಿಚ್ಚು ಒತ್ತುತ್ತಾರೆ. ನೀರು ಬರುತ್ತದೆ. ಮಣಿಪಾಲದ ಆಸ್ಪತ್ರೆಯಲ್ಲಿ ದಾದಿಯರು ಗ್ಲೂಕೋಸಿನ ನಳಿಗೆಯನ್ನು ರೋಗಿಗೆ ಜೋಡಿಸುವ ಮೊದಲು ಅದರೊಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡುವುದನ್ನೂ ನೋಡಬಹುದು. ಕಾರಣಗಳು ಬೇರೆ ಬೇರೆ; ನಿಯಮ ಒಂದೇ. ದ್ರವ ಹರಿಯಬೇಕಾದ ದಾರಿಯಲ್ಲಿ ದ್ರವವೇ ಇರಬೇಕು.

ಡೀಸೆಲ್ ಎಂಜಿನಿನಲ್ಲಿ ಈ ಕೆಲಸಕ್ಕೆ ‘ಪ್ರೈಮಿಂಗ್’ ಎಂದು ಹೆಸರು. ಮೆಕ್ಯಾನಿಕರು ‘ಏರ್ ತೆಗೆಯುವುದು’ ಎನ್ನುತ್ತಾರೆ.

ಪಂಪಿನ ಪೂರ್ವಕಥೆ

ಈ ಎಂಜಿನಿಗೆ ತನ್ನ ಹೆಸರನ್ನೇ ಬಿಟ್ಟುಹೋದ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವನು. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ಅವನ ಎಂಜಿನು ಪರೀಕ್ಷೆಯಲ್ಲಿ ಗೆದ್ದಿತು. ಆದರೆ ಆಗ ಇಂಧನವನ್ನು ಸಿಲಿಂಡರಿಗೆ ನುಗ್ಗಿಸುತ್ತಿದ್ದುದು ಒತ್ತಡದ ಗಾಳಿ. ಅದಕ್ಕೆ ಪ್ರತ್ಯೇಕವಾದ ಭಾರಿ ಕಂಪ್ರೆಸರು ಬೇಕಾಗಿತ್ತು. ಆದ್ದರಿಂದ ಡೀಸೆಲ್ ಎಂಜಿನು ಕಾರ್ಖಾನೆ, ಹಡಗುಗಳಂಥ ಸ್ಥಳಗಳಲ್ಲಿಯೇ ಉಳಿಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಡೀಸೆಲ್ ಕಾಣೆಯಾದನು. ತನ್ನ ಎಂಜಿನು ಮನೆಮನೆಯ ಅಂಗಳಕ್ಕೆ ಬರುವುದನ್ನು ಅವನು ಕಾಣಲಿಲ್ಲ.

ಗಾಳಿಯ ಸಹಾಯವನ್ನು ಬಿಟ್ಟು, ಡೀಸೆಲನ್ನು ನೇರವಾಗಿ ಒತ್ತಿ ಚಿಮ್ಮಿಸುವ ಚಿಕ್ಕ ಪಂಪನ್ನು ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆ 1927ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1936ರಲ್ಲಿ ಮರ್ಸಿಡಿಸ್-ಬೆಂಜ್ ಸಂಸ್ಥೆಯ 260 ಡಿ ಎಂಬ ಡೀಸೆಲ್ ಕಾರು ಮಾರುಕಟ್ಟೆಗೆ ಬಂದಿತು. ಕನ್ನಡಿಗರಿಗೆ ಈ ಪಂಪಿನ ನಂಟು ದೂರದ್ದಲ್ಲ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಎಂದರೆ ಎಲ್ಲರ ಬಾಯಲ್ಲಿರುವ ‘ಮೈಕೋ’, ಬೆಂಗಳೂರಿನ ಆಡುಗೋಡಿಯಲ್ಲಿ ಇಂಥ ಪಂಪುಗಳನ್ನೂ ನಾಝಲ್ಲುಗಳನ್ನೂ ತಯಾರಿಸಿತು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಬಡಾವಣೆಯ ಹೆಸರಿನಲ್ಲಿ ಮೈಕೋ ಉಳಿದುಕೊಂಡಿದೆ. ಕರಾವಳಿಯ ಖಾಸಗಿ ಬಸ್ಸುಗಳು, ಮಲ್ಪೆಯ ಯಾಂತ್ರಿಕ ದೋಣಿಗಳು, ಗದ್ದೆಯ ಪಂಪ್‌ಸೆಟ್ಟುಗಳು ಡೀಸೆಲ್ಲಿಗೆ ಒಗ್ಗಿಕೊಂಡಂತೆ, ಗಾಳಿ ತೆಗೆಯುವ ವಿದ್ಯೆಯೂ ಕೈಯಿಂದ ಕೈಗೆ ದಾಟುತ್ತಾ ಬಂದಿತು.

ವೃದ್ಧನ ಕೈಕೆಲಸ

ಆನೆಕೆರೆಯ ಬದಿಯಲ್ಲಿ ಆ ಮೆಕ್ಯಾನಿಕನು ಮಾಡಿದ ಕೆಲಸವನ್ನು ಕ್ರಮವಾಗಿ ನೋಡುವುದು ಲಾಭಕರ. ಮೊದಲು ಅವನು ಮಾಸ್ತರರ ಕೈಗೆ ಕೊಡೆಯನ್ನು ಕೊಟ್ಟು ಎಂಜಿನಿನ ಮೇಲೆ ಹಿಡಿಯಹೇಳಿದನು. ಮಳೆಯ ನೀರು ಡೀಸೆಲ್ಲಿಗೆ ಸೇರಿದರೆ ಒಂದು ರೋಗಕ್ಕೆ ಎರಡು. ಬಳಿಕ ಫಿಲ್ಟರಿನ ತಲೆಯನ್ನೂ ಸುತ್ತಲಿನ ಭಾಗವನ್ನೂ ಒಣಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದನು. ಪಂಪಿನೊಳಗಿನ ಬಿಡಿಭಾಗಗಳ ನಡುವಿನ ಸಂದು ಕೂದಲೆಳೆಯ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಕಿರಿದು. ಕಣ್ಣಿಗೆ ಕಾಣದ ಮಣ್ಣಿನ ಕಣವೂ ಅಲ್ಲಿ ಗೀರು ಹಾಕಬಲ್ಲದು. ಎಳೆ ಬಿಡುವ ಬಟ್ಟೆ, ಹತ್ತಿ ಮುಂತಾದುವು ಇಲ್ಲಿ ಕೂಡದು.

ಫಿಲ್ಟರಿನ ತಲೆಯಲ್ಲಿ ಗಾಳಿ ಹೊರಹೋಗುವುದಕ್ಕೆಂದೇ ಒಂದು ಚಿಕ್ಕ ತಿರುಪು ಇರುತ್ತದೆ. ಅವನು ಅದನ್ನು ಒಂದೆರಡು ಸುತ್ತು ಸಡಿಲಿಸಿ, ಅಡಿಗೆ ಬಟ್ಟೆಯನ್ನು ಒಡ್ಡಿ, ಪಕ್ಕದ ಕೈಪಂಪನ್ನು ನಿಧಾನವಾಗಿ ಒತ್ತತೊಡಗಿದನು. ಮೊದಲು ಬರಿಯ ಉಸಿರು. ಆಮೇಲೆ ಮಜ್ಜಿಗೆಯ ನೊರೆಯಂಥ ಬುರುಗು. ಅನಂತರ ಡೀಸೆಲ್ ಮತ್ತು ಗುಳ್ಳೆ ಕೂಡಿ ಉಗುಳುವಂತೆ ಬಂದವು. ಅವನು ಆತುರಪಡಲಿಲ್ಲ. ಕಡೆಗೆ ಗುಳ್ಳೆಯಿಲ್ಲದ ಡೀಸೆಲ್ ತುಪ್ಪದ ಎಳೆಯಂತೆ ಅಖಂಡವಾಗಿ ಇಳಿಯಿತು. ಕೈಪಂಪು ಇನ್ನೂ ಒತ್ತಿದಂತಿರುವಾಗಲೇ ತಿರುಪನ್ನು ಬಿಗಿದನು. ಮೊದಲು ಕೈಬಿಟ್ಟು ಆಮೇಲೆ ಬಿಗಿದರೆ, ಹೋದ ಗಾಳಿ ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ತಿರುಪು ಬಿಗಿದ ಮೇಲೆ, ಒತ್ತಿದರೆ ಒತ್ತಲಾಗದಷ್ಟು ಗಟ್ಟಿಯಾಗುವ ತನಕ ಕೈಪಂಪನ್ನು ನಡೆಸಿದನು.

ಆಗ ಅವನು ಇನ್ನೊಂದು ಕೆಲಸ ಮಾಡಿದನು. ಬ್ಯಾಟರಿ ದೀಪವನ್ನು ಹಿಡಿದು, ಒರೆಸಿದ ಫಿಲ್ಟರಿನ ಅಂಚನ್ನೇ ನೋಡುತ್ತಾ ನಿಂತನು. ಕ್ಷಣ ಕಳೆಯುವುದರೊಳಗೆ ಅಂಚಿನಲ್ಲಿ ಒಂದು ಹನಿ ಬೆವರಿನಂತೆ ಮೂಡಿತು.

“ನೋಡಿ, ಕಳ್ಳ ಸಿಕ್ಕಿದ,” ಎಂದನು.

ಹೊಸ ಫಿಲ್ಟರನ್ನು ಬಿಚ್ಚಿದಾಗ ಹಳೆಯ ಫಿಲ್ಟರಿನ ರಬ್ಬರು ಉಂಗುರ ಮೇಲಿನ ತಲೆಗೆ ಅಂಟಿಕೊಂಡೇ ಇತ್ತು. ಮಾಸ್ತರರು ಅದನ್ನು ಕಾಣದೆ, ಅದರ ಮೇಲೆಯೇ ಹೊಸ ಉಂಗುರವನ್ನು ಕೂರಿಸಿದ್ದರು. ಎರಡು ಉಂಗುರಗಳ ನಡುವಿನ ಸಂದಿನಿಂದ, ಎಂಜಿನು ಓಡುವಾಗ ಪಂಪು ಎಳೆದುಕೊಳ್ಳುವ ರಭಸಕ್ಕೆ ಹೊರಗಿನ ಗಾಳಿ ಒಳಗೆ ಸೇರುತ್ತಿತ್ತು. ಒಂದು ಹನಿ ಡೀಸೆಲೂ ಹೊರಗೆ ಸೋರದೆ ಇದ್ದುದಕ್ಕೆ ಇದೇ ಕಾರಣ. ಎಂಜಿನು ಎಳೆಯುವಾಗ ಗಾಳಿ ಒಳಗೆ ಬರುವ ರಂಧ್ರದಿಂದಲೇ, ಕೈ ಒತ್ತುವಾಗ ಡೀಸೆಲ್ ಹೊರಗೆ ಬರುತ್ತದೆ. ಒಣಗಿದಂತೆ ಕಾಣುವ ಜೋಡಣೆಯೆಲ್ಲ ಭದ್ರವೆಂದು ತಿಳಿಯಬಾರದೆಂಬುದು ಈ ವೃದ್ಧನ ಪಾಠದ ಸಾರ. ಪೈಪಿನ ಸಡಿಲ ಕ್ಲಿಪ್ಪು, ಬಿರುಕು ಬಿಟ್ಟ ರಬ್ಬರು ನಳಿಗೆ, ಮತ್ತೆ ಮತ್ತೆ ಬಳಸಿ ಸವೆದ ತಾಮ್ರದ ವಾಶರು ಇವೂ ಇದೇ ಬಗೆಯ ಕಳ್ಳಬಾಗಿಲುಗಳು. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಮಾತ್ರ ಸತಾಯಿಸುವುದಾದರೆ, ಏರಿನಲ್ಲಿ ನಿಂತಾಗ ಹೆಚ್ಚು ಸತಾಯಿಸುವುದಾದರೆ, ಡೀಸೆಲ್ ಹಿಂದಕ್ಕೆ ಟಾಂಕಿಗೆ ಇಳಿದು ಆ ಜಾಗಕ್ಕೆ ಗಾಳಿ ಬರುತ್ತಿರಬಹುದೆಂದು ಸಂಶಯಪಡಬೇಕು.

ಹಳೆಯ ಉಂಗುರವನ್ನು ಕಿತ್ತು, ಹೊಸದಕ್ಕೆ ಬೆರಳಿನಿಂದ ಡೀಸೆಲ್ ಸವರಿ, ಫಿಲ್ಟರಿನ ಡಬ್ಬಿಗೆ ಶುದ್ಧ ಡೀಸೆಲ್ ತುಂಬಿ, ಕೈಯಿಂದಲೇ ಬಿಗಿಯಾಗಿ ಕೂರಿಸಿ, ಅವನು ಮತ್ತೊಮ್ಮೆ ಗಾಳಿ ತೆಗೆದನು. ಗಾಳಿ ನಾಝಲ್ಲಿನ ತನಕ ಹೋಗಿದ್ದರಿಂದ ಎರಡು ನಾಝಲ್ಲುಗಳ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಬಟ್ಟೆ ಮುಚ್ಚಿ, ಬೇರೊಂದು ಬ್ಯಾಟರಿಯಿಂದ ತಂತಿ ಜೋಡಿಸಿ, ಮಾಸ್ತರರಿಗೆ ಸೆಲ್ಫ್ ಹೊಡೆಯಹೇಳಿದನು. “ಹತ್ತು ಎಣಿಸಿ, ಬಿಡಿ. ಒಂದು ನಿಮಿಷ ಸುಮ್ಮನಿರಿ.” ಸೆಲ್ಫ್ ಮೋಟಾರು ನೂರಾರು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ, ಬಿಡುವು ಕೊಡದೆ ತಿರುಗಿಸಿದರೆ ಅದರ ಸುರುಳಿ ಸುಡುತ್ತದೆ. ಎರಡನೆಯ ಸಲಕ್ಕೆ ನಟ್ಟಿನ ಬಳಿ ಡೀಸೆಲ್ ಒಸರಿತು, ನಟ್ಟು ಬಿಗಿಯಿತು. ಮೂರನೆಯ ಸಲಕ್ಕೆ ಎಂಜಿನು ಕೆಮ್ಮಿ, ಬಡಬಡಿಸಿ, ಬಿಳಿಯ ಹೊಗೆಯುಗುಳಿ, ಕೊನೆಗೆ ಒಂದೇ ಸಮನಾಗಿ ಉಸಿರಾಡಿತು.

ಹೊಸ ಕಾರಿನ ಕಟ್ಟುಪಾಡು

ಮೇಲಿನದೆಲ್ಲ ಹಳೆಯ ತಲೆಮಾರಿನ ಕಾರುಗಳಿಗೆ ಸಲ್ಲುವ ಕ್ರಮ. ಹೊಸ ಕಾರಿನವರು ಇದನ್ನು ಓದಿ ಸ್ಪ್ಯಾನರನ್ನು ಎತ್ತಿಕೊಂಡರೆ ಅನಾಹುತವಾದೀತು.

1997ರಲ್ಲಿ ಇಟಲಿಯ ಆಲ್ಫಾ ರೋಮಿಯೊ 156 ಕಾರಿನೊಡನೆ ‘ಕಾಮನ್ ರೈಲ್’ ಎಂಬ ಏರ್ಪಾಟು ಕಾರುಗಳಿಗೆ ಬಂದಿತು. ಈಚಿನ ಡೀಸೆಲ್ ಕಾರುಗಳಲ್ಲಿ ಇದೇ ರೂಢಿ. ಇಲ್ಲಿ ಪಂಪು ಒಂದು ಗಟ್ಟಿ ಉಕ್ಕಿನ ನಳಿಗೆಯಲ್ಲಿ ಡೀಸೆಲನ್ನು ಸದಾ ಅದುಮಿ ಇಟ್ಟಿರುತ್ತದೆ. ಒತ್ತಡ 1,600 ಬಾರ್, 2,000 ಬಾರ್, ಎಂದರೆ ಹೊರಗಿನ ವಾಯುವಿನ ಒತ್ತಡದ ಸುಮಾರು ಅಷ್ಟೇ ಪಟ್ಟು. ಇಂಥ ಎಂಜಿನಿನಲ್ಲಿ ನಾಝಲ್ಲಿನ ನಟ್ಟನ್ನು ಸಡಿಲಿಸುವ ಹಳೆಯ ಕ್ರಮ ಸರ್ವಥಾ ಕೂಡದು. ಕೂದಲೆಳೆಯಂಥ ಧಾರೆ ಚಿಮ್ಮಿದರೆ ಅದು ಚರ್ಮವನ್ನು ಭೇದಿಸಿ ಒಳಗೆ ಸೇರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ; ನೋವೂ ಮೊದಲಿಗೆ ಅಲ್ಪ. ಒಳಗೆ ಮಾತ್ರ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು. ಹಾಗಾದಲ್ಲಿ ಅರಿಸಿನ ಹಚ್ಚಿ ಕಾಯದೆ ಒಡನೆಯೇ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಚರ್ಮದೊಳಗೆ ಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಸೋರುವ ಜಾಗವನ್ನು ಬೆರಳಿನಿಂದ ತಡವಿ ನೋಡಬಾರದು. ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಹೊಸ ಕಾರುಗಳ ಪೈಕಿ ಅನೇಕವುಗಳಲ್ಲಿ ಟಾಂಕಿಯೊಳಗೇ ವಿದ್ಯುತ್ ಪಂಪು ಇರುತ್ತದೆ. ಫಿಲ್ಟರು ಕೂರಿಸಿದ ಬಳಿಕ ಎಂಜಿನನ್ನು ಎಬ್ಬಿಸದೆ ಕೀಲಿಯನ್ನು ಒಂದು ಹಂತ ಮಾತ್ರ ತಿರುಗಿಸಿ, ಹಿಂಭಾಗದಲ್ಲಿ ಕೇಳಿಬರುವ ಗುಂಯ್ ಎಂಬ ಸದ್ದು ನಿಲ್ಲುವ ತನಕ ಕಾದು, ಆರಿಸಿ, ಹೀಗೆ ಹಲವು ಬಾರಿ ಮಾಡಿದರೆ ಡೀಸೆಲ್ ತುಂಬಿ ಗಾಳಿ ಹಿಂದಿರುಗುವ ಕೊಳವೆಯಿಂದ ಟಾಂಕಿಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ನಿಂಬೆಹಣ್ಣಿನ ಆಕಾರದ ರಬ್ಬರು ಉಂಡೆಯಿರುತ್ತದೆ. ಅದು ಕಲ್ಲಿನಂತೆ ಗಟ್ಟಿಯಾಗುವ ತನಕ ಹಿಸುಕಬೇಕು. ಇನ್ನು ಕೆಲವಕ್ಕೆ ಕಾರ್ಖಾನೆಯ ಕಂಪ್ಯೂಟರಿನಿಂದಲೇ ಆಜ್ಞೆ ಕೊಡಬೇಕು. ತನ್ನ ಕಾರು ಯಾವ ಜಾತಿಯದೆಂದು ತಿಳಿಯಲು ಕಾರಿನೊಡನೆ ಬಂದ ಕೈಪಿಡಿಯನ್ನು ನೋಡುವುದೇ ಸರಿಯಾದ ಮಾರ್ಗ.

ಇನ್ನೂ ಒಂದು ಭೇದವಿದೆ. ಹಳೆಯ ಎಂಜಿನಿನ ಫಿಲ್ಟರಿಗೆ ಡೀಸೆಲ್ ಸುರಿದು ಕೂರಿಸುವುದು ವಾಡಿಕೆ. ಕಾಮನ್ ರೈಲ್ ಎಂಜಿನಿನಲ್ಲಿ, ಸೋಸದ ಡೀಸೆಲ್ ಫಿಲ್ಟರಿನ ಶುದ್ಧ ಭಾಗಕ್ಕೆ ಬಿದ್ದರೆ ಅದರಲ್ಲಿನ ಕಸ ನೇರವಾಗಿ ಪಂಪಿಗೆ ಹೋಗುತ್ತದೆ. ಆ ಪಂಪಿಗೆ ಬೇರೆ ಎಣ್ಣೆಯೂ ಇಲ್ಲ; ತನ್ನ ಮೂಲಕ ಹರಿಯುವ ಡೀಸೆಲೇ ಅದಕ್ಕೆ ಜಿಡ್ಡು. ಗಾಳಿಯಲ್ಲಿ ಬಹಳ ಹೊತ್ತು ತಿರುಗಿದರೆ ಲೋಹಕ್ಕೆ ಲೋಹ ತೇಯ್ದು, ಆ ಪುಡಿ ಎಲ್ಲ ನಾಝಲ್ಲುಗಳಿಗೂ ಹರಡುತ್ತದೆ. ಆಗಿನ ಖರ್ಚು ಫಿಲ್ಟರಿನ ಬೆಲೆಯ ಹತ್ತಾರು ಪಟ್ಟು. ಗಾಳಿ ತೆಗೆಯದೆ ಸೆಲ್ಫ್ ಹೊಡೆಯುತ್ತಲೇ ಇರುವವರು ಬ್ಯಾಟರಿಯನ್ನು ಮಾತ್ರ ಕಳೆದುಕೊಳ್ಳುವುದಿಲ್ಲವೆಂಬುದನ್ನು ನೆನಪಿಡಬೇಕು. ಎಂಜಿನು ಬೇಗ ಹೊತ್ತಲೆಂದು ಈಥರಿನಂಥ ಸ್ಪ್ರೇಗಳನ್ನು ಸಿಂಪಡಿಸುವುದೂ ಅಪಾಯ. ಒಳಗೆ ಕಾದು ಕೆಂಪಾದ ಗ್ಲೋ ಪ್ಲಗ್ಗು ಇದ್ದರೆ ಸ್ಫೋಟವಾದೀತು.

ನೀರೆಂಬ ಎರಡನೆಯ ಶತ್ರು

ಕರಾವಳಿಯಲ್ಲಿ ಗಾಳಿಗೆ ಒಬ್ಬ ಜೊತೆಗಾರನುಂಟು, ಅದು ನೀರು. ಉಡುಪಿಯ ಸುತ್ತಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಚೀಚೆ ಮಳೆ ಬೀಳುತ್ತದೆ. ಮಳೆಯಿಲ್ಲದ ದಿನಗಳಲ್ಲಿಯೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಅರ್ಧ ಖಾಲಿಯಾದ ಟಾಂಕಿಯಲ್ಲಿ ರಾತ್ರಿಯ ತಂಪಿಗೆ ಆ ತೇವ ಹನಿಗಟ್ಟಿ ಗೋಡೆಯಿಂದಿಳಿದು, ಡೀಸೆಲ್ಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುವುದೂ ಉಂಟು. ಕಾಪುವಿನಲ್ಲಿ, 1901ರಿಂದ ಕಡಲಿಗೆ ಬೆಳಕು ತೋರುತ್ತಿರುವ ದೀಪಸ್ತಂಭದ ಆಸುಪಾಸಿನಲ್ಲಿ ವಾಸಿಸುವವರಿಗೆ ಉಪ್ಪುಗಾಳಿಯ ಕಾಟವೂ ಸೇರುತ್ತದೆ. ಪೈಪಿನ ಕ್ಲಿಪ್ಪುಗಳು ಬೇಗ ತುಕ್ಕು ಹಿಡಿದು ಸಡಿಲವಾಗುತ್ತವೆ.

ಫಿಲ್ಟರಿನ ತಳದಲ್ಲಿ ನೀರು ಶೇಖರವಾಗುವುದಕ್ಕೆ ಜಾಗವೂ, ಅದನ್ನು ಬಿಡುವುದಕ್ಕೆ ಒಂದು ತಿರುಪೂ ಇರುತ್ತವೆ. ಮಳೆಗಾಲದಲ್ಲಿ ಅದನ್ನು ಆಗಾಗ ಸಡಿಲಿಸಿ, ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಅಡಿಯಲ್ಲಿ ನೀರು ಬೇರೆಯಾಗಿ ಕಾಣುತ್ತದೆ. ನೀರು ಬಿಟ್ಟ ಜಾಗಕ್ಕೆ ಗಾಳಿ ಸೇರುವುದರಿಂದ ಆ ಬಳಿಕವೂ ಗಾಳಿ ತೆಗೆಯಬೇಕು. ಟಾಂಕಿ ಪೂರ್ತಿ ಬರಿದಾಗಿ ಕಾರು ನಿಂತಾಗಲೂ ಇದೇ ಚಿಕಿತ್ಸೆ. ಸಂಜೆ ಟಾಂಕಿ ತುಂಬಿಸಿ ಮನೆ ಸೇರುವ ಅಭ್ಯಾಸ ಈ ಎರಡು ತೊಂದರೆಗಳಿಗೂ ಸುಲಭ ಪರಿಹಾರ.

ದಾರಿಯಲ್ಲಿ ನಿಂತ ಕಾರಿಗೆ ಆಟೋರಿಕ್ಷಾದ ಬದಲಿ ಇದೆ. ಕಡಲಿನಲ್ಲಿ ನಿಂತ ದೋಣಿಗೆ ಬದಲಿ ಏನು? ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆಯ ದೋಣಿಗಳು ದಡದಲ್ಲಿರುತ್ತವೆ. ಮಳೆಯಲ್ಲಿ ಎರಡು ತಿಂಗಳು ನಿಂತ ಎಂಜಿನಿನ ನೀರು ಬಿಟ್ಟು ಗಾಳಿ ತೆಗೆಯದೆ ಹೊರಟರೆ, ಅದು ಬಿಕ್ಕುವುದು ಅಳಿವೆಯ ಅಲೆಗಳ ನಡುವೆ. ಕಾರಿನ ಯಜಮಾನನಿಗೆ ತಡವಾಗುವ ಕೆಲಸ, ದೋಣಿಯವನಿಗೆ ಪ್ರಾಣದ ಪ್ರಶ್ನೆ.

ಅಂಗಳದ ಧರ್ಮ

ಮನೆಯಲ್ಲಿಯೇ ಫಿಲ್ಟರು ಬದಲಾಯಿಸುವವರು ಮರೆಯುವ ಮತ್ತೊಂದು ಸಂಗತಿಯುಂಟು. ಹಳೆಯ ಫಿಲ್ಟರಿನಲ್ಲಿ ಉಳಿದ ಕೊಳಕು ಡೀಸೆಲನ್ನು ತೆಂಗಿನ ಬುಡಕ್ಕೋ ಚರಂಡಿಗೋ ಚೆಲ್ಲುವವರಿದ್ದಾರೆ. ಕರಾವಳಿಯ ನೆಲ ಮುರಕಲ್ಲಿನದು, ರಂಧ್ರಮಯ. ಚೆಲ್ಲಿದ ಎಣ್ಣೆ ಮೊದಲ ಮಳೆಗೇ ಇಳಿದು ಬಾವಿಯ ದಾರಿ ಹಿಡಿಯುತ್ತದೆ. ಸ್ವಲ್ಪವೇ ಡೀಸೆಲ್ ಸೇರಿದರೂ ಆ ನೀರು ವಾಸನೆ ಹಿಡಿದು ಕುಡಿಯಲು ಬಾರದು. ಆ ಬಾವಿ ಚೆಲ್ಲಿದವನದ್ದೇ ಆಗಬೇಕೆಂದಿಲ್ಲ, ನೆರೆಮನೆಯದ್ದೂ ಆಗಬಹುದು. ಒಂದು ಡಬ್ಬಿಯಲ್ಲಿ ಹಿಡಿದು, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡುವುದು ಸಭ್ಯರ ಲಕ್ಷಣ. ರಸ್ತೆಗೆ ಚೆಲ್ಲಿದ ಡೀಸೆಲ್ ಸ್ಕೂಟರಿನವರಿಗೆ ಯಮನ ಹಾಸಿಗೆ. ಮರಳು ಹಾಕಿ ಗುಡಿಸಬೇಕು.

ಕೊನೆಯ ಮಾತು ದಿನ ನೋಡುವುದರ ಬಗೆಗೆ. ತಾಯಿ ಅಮಾವಾಸ್ಯೆಯೆಂದರು, ಯಂತ್ರಶಾಸ್ತ್ರವೂ ಬೇರೊಂದು ರೀತಿಯಲ್ಲಿ ದಿನ ನೋಡುತ್ತದೆ. ಮುಖ್ಯವಾದ ಪ್ರಯಾಣದ ಹಿಂದಿನ ದಿನ ಇಂಧನದ ಜೋಡಣೆಯನ್ನು ಬಿಚ್ಚಬಾರದು. ಬಿಚ್ಚಿದರೆ, ಗಾಳಿ ತೆಗೆದು, ಎಂಜಿನನ್ನು ಹತ್ತು ನಿಮಿಷ ಓಡಿಸಿ, ಆರಿಸಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಎಬ್ಬಿಸಿ, ನಾಲ್ಕೈದು ಕಿಲೋಮೀಟರು ಮನೆಯ ಹತ್ತಿರವೇ ಸುತ್ತಿ ಬರಬೇಕು. ಆಮೇಲೆ ಫಿಲ್ಟರಿನ ಅಂಚನ್ನು ಇನ್ನೊಮ್ಮೆ ಒರೆಸಿ ನೋಡಬೇಕು. ಅಷ್ಟರ ಮೇಲೆ ನಂಬಬಹುದು.

ಮಾಸ್ತರರ ಕಾರು ಆ ದಿನ ಮಣಿಪಾಲ ಸೇರಿದಾಗ ಎಂಟು ದಾಟಿ ಒಂದೂವರೆ ಗಂಟೆಯಾಗಿತ್ತು. ತಾಯಿಯ ಸರದಿ ಬೇರೊಬ್ಬರಿಗೆ ಹೋಗಿ, ಆಕೆಗೆ ದಿನದ ಕೊನೆಯ ಸರದಿ ದೊರಕಿತು. ಸಂಜೆಯ ತನಕ ಆಕೆ ಬೆಂಚಿನ ಮೇಲೆ ಕುಳಿತಿದ್ದರು. ಮಗನು ಡೀಸೆಲ್ ವಾಸನೆಯ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಬದಿಯಲ್ಲಿ ನಿಂತಿದ್ದನು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಹೊರಟಾಗ, ಕಾರಿನ ಬಾಗಿಲ ಬಳಿ ಆಕೆ ಒಂದು ಕ್ಷಣ ನಿಂತರು.

“ಗಾಳಿ ಬಿಟ್ಟಿದೆಯಷ್ಟೆ?”

“ಬಿಟ್ಟಿದೆ ಅಮ್ಮ. ಬೆಳಿಗ್ಗೆ ಉಡುಪಿಯ ತನಕ ಹೋಗಿ, ನಿಲ್ಲಿಸಿ, ಮತ್ತೆ ಎಬ್ಬಿಸಿ ನೋಡಿ ಬಂದೆ.”

ಆಕೆ ಮುಂದೆ ಏನನ್ನೂ ಕೇಳದೆ ಹತ್ತಿ ಕುಳಿತರು. ಪರ್ಕಳದ ಇಳಿಜಾರಿನಲ್ಲಿ ಮಳೆ ಹಿಡಿಯಿತು. ಕಾರು ನಿಲ್ಲಲಿಲ್ಲ.